ಶೀನಣ್ಣನ ನಲವತ್ತೆರಡು ಮಾತು

ಶೀನಣ್ಣ ಯಾವ ಮಿಷನ್ ಬಂದರೂ ಮೊದಲು ಮೂಸುತ್ತಿದ್ದ. ಟಿವಿ ಇರಲಿ, ಮಿಕ್ಸಿ ಇರಲಿ, ಬೋಟಿನ ವಯರ್‌ಲೆಸ್ ಇರಲಿ, ಸ್ಕ್ರೂ ಬಿಚ್ಚಿ ಮುಚ್ಚಳ ತೆಗೆದು ಒಳಗೆ ಮೂಗು ಹಾಕುತ್ತಿದ್ದ. ಎರಡು ಸಲ ಉಸಿರೆಳೆದು, ಕಣ್ಣು ಮುಚ್ಚಿ, ಆಮೇಲೆ ಹೇಳುತ್ತಿದ್ದ. "ಸುಟ್ಟದ್ದಕ್ಕೆ ಒಂದ್ ವಾಸ್ನಿ, ಉಪ್ಪ್ ಹಿಡ್ದದ್ದಕ್ಕೆ ಒಂದ್ ವಾಸ್ನಿ, ಹಲ್ಲಿ ಸತ್ತದ್ದಕ್ಕೆ ಒಂದ್ ವಾಸ್ನಿ. ಇದ್ರಂಗೆ ಹಲ್ಲಿ ಇತ್ತ್." ಪೂರ್ತಿ ಬಿಚ್ಚಿದರೆ ಹಲ್ಲಿ ಇರುತ್ತಿತ್ತು.

ಗಂಟಲಿನ ಆಪರೇಷನ್ ಆದ ಮೇಲೆ ಅವನಿಗೆ ವಾಸನೆ ಹೋಯಿತು. ಕುತ್ತಿಗೆಯಲ್ಲಿ ತೂತು ಮಾಡಿದರೆ ಉಸಿರು ಅಲ್ಲಿಂದಲೇ ಹೋಗಿ ಬರುತ್ತದೆ, ಮೂಗಿಗೆ ಕೆಲಸ ಇಲ್ಲ. ಮಾತು ಹೋಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದರು. ವಾಸನೆಯ ವಿಷಯ ಹೇಳಿರಲಿಲ್ಲ, ಅಥವಾ ಹೇಳಿದ್ದನ್ನು ಇವನು ಕೇಳಿಸಿಕೊಂಡಿರಲಿಲ್ಲ. ಆದರೂ ಮಿಷನಿನೊಳಗೆ ಮೂಗು ಹಾಕುವುದನ್ನು ಬಿಡಲಿಲ್ಲ. ಹಾಕಿ, ನೆನಪಾಗಿ, ತಲೆ ಎತ್ತಿ, ಅದನ್ನು ನನ್ನ ಮುಖದ ಹತ್ತಿರ ಹಿಡಿಯುತ್ತಿದ್ದ. ನೀನು ಮೂಸು ಅಂತ. ನಾನು ಮೂಸಿ ಏನೋ ಒಂದು ಹೇಳುತ್ತಿದ್ದೆ. ಏಳು ವರ್ಷದಿಂದ ಮೀನಿನ ಟೆಂಪೊದಲ್ಲಿರುವ ಮೂಗು ನನ್ನದು. ಮೀನು ಬಿಟ್ಟು ಬೇರೆ ಏನೂ ಅದಕ್ಕೆ ಸರಿ ತಿಳಿಯುವುದಿಲ್ಲ.

ನಾನು ಕೆರಾಡಿಯವನು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಗಂಗೊಳ್ಳಿಯಲ್ಲಿ ಮೀನು ತುಂಬಿ ಘಟ್ಟ ಹತ್ತುವುದು, ಖಾಲಿ ಇಳಿಯುವುದು, ಇಷ್ಟೇ ಕೆಲಸ. ಟೆಂಪೊದ ಸ್ಟೀರಿಯೊ ಹಾಳಾದ ದಿನ ಯಾರೋ ತಲ್ಲೂರಿನ ಶೀನಣ್ಣನ ಅಂಗಡಿ ತೋರಿಸಿದರು. ಹೈವೇ ಅಗಲ ಮಾಡುವಾಗ ಅರ್ಧ ಕಡಿದುಹೋದ ಅಂಗಡಿ. ಎದುರಿಗೆ ಗೋಡೆ ಇಲ್ಲ, ಶಟರ್ ಮಾತ್ರ. ಹಿಂದೆ ಒಂದು ಕೋಣೆ, ಅದರಲ್ಲಿ ಅವನ ಚಾಪೆ ಮತ್ತು ಸ್ಟೌ. ಮದುವೆ ಆಗಿರಲಿಲ್ಲ. ಬೊಂಬಾಯಿಯ ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ಅಲ್ಲಿಯೇ ಒಂದು ಗಲ್ಲಿಯಲ್ಲಿ ರೇಡಿಯೊ ರಿಪೇರಿ ಕಲಿತು, ನಲವತ್ತು ದಾಟಿದ ಮೇಲೆ ಊರಿಗೆ ಬಂದವನು.

"ಒಳ್ಗೆ ಎಂತದೋ ಶಾರ್ಟ್ ಆಯಿತ್ತ್ ಕಾಂತ್," ಎಂದೆ ನಾನು.

"ನೀ ಹೇಳ್ಬೇಡ," ಎಂದ. "ನೀ ಹೇಳುದ್ ನಿನ್ ಅನುಮಾನ. ಊರ್ ಯಾವ್ದ್?"

"ಕೆರಾಡಿ."

"ಹಾಂ ಕೆರಾಡಿ, ಟಾರ್ಚ್ ಹಿಡಿ."

ಅವತ್ತಿನಿಂದ ನಾನು ಅವನಿಗೆ ಕೆರಾಡಿ. ನನ್ನ ಹೆಸರು ಅವನು ಕೇಳಲಿಲ್ಲ. ಖಾಲಿ ಬರುವಾಗ ದಿನಾ ಅಲ್ಲಿ ಟೆಂಪೊ ನಿಲ್ಲಿಸುವುದು ನನಗೆ ಚಟವಾಯಿತು. ಅವನ ಬಾಯಿ ಕೇಳಲಿಕ್ಕೇ ಹೋಗುತ್ತಿದ್ದೆ.

"ಕಾಣ್ ಕೆರಾಡಿ, ಮಿಷನ್ ಅಂದ್ರೆ ಮನಿಗ್ ಬಂದ್ ನೆಂಟ ಇದ್ದಾಂಗೆ. ಮಾತಾಡ್ತಿಲ್ಲೆ ಅಂದ್ರೆ ಮೊದ್ಲ್ ಕೂಳ್ ಬಡ್ಸಿದ್ಯಾ ಕಾಣ್. ಮತ್ತೆ ಬಂದ ದಾರಿ ಸಮ ಇತ್ತಾ ಕಾಣ್. ಎರ್ಡೂ ಸಮ ಇದ್ರೆ ಮಾತ್ರ ಆಸಾಮಿ ಮೇಲ್ ಅನುಮಾನ ಮಾಡುದ್."

ಕೂಳು ಅಂದರೆ ಕರೆಂಟು. ದಾರಿ ಅಂದರೆ ವಯರು. ಆಸಾಮಿ ಅಂದರೆ ಒಳಗಿನ ಸಾಮಾನು. ಹತ್ತಕ್ಕೆ ಎಂಟು ಮಿಷನ್ ಕೂಳಿಲ್ಲದೆ ಮಲಗಿರುತ್ತವೆ, ಜನ ಆಸಾಮಿಯನ್ನು ಕೊಂದು ಬರುತ್ತಾರೆ ಅಂತ ಅವನ ಸಿಟ್ಟು. ಇನ್ನೊಂದು ಮಾತೂ ಇತ್ತು. "ಅನುಮಾನ ಇದ್ದದ್ದನ್ನ ಸಮ ಇದ್ದಲ್ ಹಾಕಿ ಕಾಣ್." ಬಲ್ಬಿನ ಮೇಲೆ ಅನುಮಾನ ಇದ್ದರೆ ಉರಿಯುತ್ತಿರುವ ಹೋಲ್ಡರಿಗೆ ಹಾಕಿ ನೋಡು ಅಂತ. ಇದನ್ನು ನಾನು ಸರಿಯಾಗಿ ಕಲಿತೆ. ಕಲಿಯದೇ ಇದ್ದರೆ ಒಳ್ಳೆಯದಿತ್ತು.

ಒಂದು ಸಲ ಒಬ್ಬ ಬೋಟಿನ ಯಜಮಾನ ವಯರ್‌ಲೆಸ್ ತಂದ. ಶೀನಣ್ಣ ಮೂಸುವ ಮೊದಲೇ ಕೈಬಿಟ್ಟ.

"ಇದ್ನ ಯಾರ್ ಬಿಚ್ಚದ್ದ್?"

"ಯಾರೂ ಬಿಚ್ಚಲಿಲ್ಲೆ ಮಾರಾಯ್ರೆ."

"ಸ್ಕ್ರೂನ ತಲಿ ಎಲ್ಲ ಸವ್ದ್ ಹೋಯಿತ್ತ್. ಇಲಿ ಬಿಚ್ಚಿತಾ?"

"ನಮ್ಮಲ್ಲ್ ಒಬ್ಬ ಸುಮ್ನೆ ಕಂಡ."

"ಹಾಂಗಾರೆ ಅವನಿಗೇ ಕೊಡಿ. ಅರ್ಧ ಬೆಂದ ಕೂಳ್ ನಂಗ್ ತರ್ಬೇಡಿ."

ಮೂರು ಸಲ ವಾಪಸ್ ಕಳಿಸಿದ. ನಾಲ್ಕನೆಯ ಸಲ ಕೈಯಿಂದ ಕಿತ್ತುಕೊಂಡು, ಊಟಕ್ಕೂ ಏಳದೆ ಕೂತು ಸರಿ ಮಾಡಿದ. ಯಜಮಾನ ಏನೋ ಹೊಗಳಲು ಹೊರಟಾಗ ಹೇಳಿದ. "ನಿಮ್ ಮೇಲ್ ಕರುಣೆ ಅಲ್ಲ. ಬೋಟಂಗೆ ಹನ್ನೊಂದ್ ಜನ ಇರ್ತ್ರ್."

ಅಷ್ಟು ಮಾತಾಡುವವನ ಬಾಯಲ್ಲಿ ಯಾವಾಗಲೂ ಹೊಗೆಸೊಪ್ಪು. ಅವನ ಅಪ್ಪಯ್ಯನೂ ಹೊಗೆಸೊಪ್ಪು ತಿಂದು, ಗಂಟಲು ಹುಣ್ಣಾಗಿ, ನಾವುಂದದ ಮನೆಯಲ್ಲಿ ನೀರು ಇಳಿಯದೆ ಸತ್ತದ್ದು. ಅದು ಗೊತ್ತಿದ್ದೂ ತಿಂದ. ಸ್ವರ ಒಡೆದಾಗ ಶೀತ ಅಂದ. ಆರು ತಿಂಗಳು ಶೀತ ಅಂದ. ಆಸ್ಪತ್ರೆಗೆ ಹೋಗುವಾಗ ತಡವಾಗಿತ್ತು. ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕು, ಹತ್ತು ದಿನದಲ್ಲಿ ಬನ್ನಿ ಅಂದರು.

ಅವನಿಗೆ ಚಿಂತೆ ಇದ್ದದ್ದು ಅಬ್ಬಿಯದು. ಅವನ ಅಬ್ಬಿ, ಅಂದರೆ ತಾಯಿ, ನಾವುಂದದಲ್ಲಿ ಮಗಳು ಗಿರಿಜಕ್ಕನ ಜೊತೆ ಇದ್ದರು. ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದ ಹೆಂಗಸು. ಎರಡು ಕಣ್ಣೂ ಹೋಗಿ ಆರು ವರ್ಷವಾಗಿತ್ತು. ಆದರೆ ಕಿವಿ ಹಾವಿನ ಕಿವಿ. ಎಂದೋ ನಾಲ್ಕು ಬಂಗುಡೆ ತೆಗೆದುಕೊಂಡವರನ್ನೂ ಸ್ವರದಲ್ಲಿ ಗುರ್ತ ಹಿಡಿಯುತ್ತಿದ್ದರು. ಗಂಡನ ಗಂಟಲು ಕಂಡವರಿಗೆ ಮಗನದ್ದೂ ಅದೇ ಅಂತ ಹೇಳುವುದು ಹೇಗೆ?

"ಅಬ್ಬಿಗ್ ಹೇಳುಕಾಗ," ಎಂದಳು ಗಿರಿಜಕ್ಕ. "ಕೇಂಡ್ರೆ ಅವ್ರ್ ಅನ್ನ ಮುಟ್ಟುದಿಲ್ಲೆ."

ಹಾಗಾಗಿ ಶೀನ ಮತ್ತೆ ಬೊಂಬಾಯಿಗೆ ಹೋದ, ಒಳ್ಳೆ ಕೆಲಸ ಸಿಕ್ಕಿತು, ದಿನಾ ಫೋನ್ ಮಾಡುತ್ತಾನೆ ಅಂತ ಹೇಳಿದರು. ಮಾತೇ ಇಲ್ಲದವನು ದಿನಾ ಫೋನ್ ಮಾಡುವುದು ಹೇಗೆ ಅಂತ ನಾನು ಕೇಳಿದೆ. ಶೀನಣ್ಣ ಮೇಜಿನ ಖಾನೆಯಿಂದ ಒಂದು ಹಸಿರು ಬೋರ್ಡ್ ತೆಗೆದು ತೋರಿಸಿದ. ಎಟಿಎಂ ಕಾರ್ಡಿನಷ್ಟು ಇತ್ತು. ಇದು ಪೂರ್ತಿ ಒಂದು ಕಂಪ್ಯೂಟರ್ ಅಂದ. ನಾನು ನಂಬಲಿಲ್ಲ.

ಮಾತನ್ನು ಮೊದಲೇ ರೆಕಾರ್ಡ್ ಮಾಡಿ ಇದರಲ್ಲಿ ಹಾಕುವುದು, ನಂಬರ್ ಒತ್ತಿದರೆ ಇದು ಆಡಿ ತೋರಿಸುವುದು. ಯೋಚನೆ ಅಷ್ಟೇ. ಆದರೆ ಹೈವೇ ಬದಿಯಲ್ಲಿ ರೆಕಾರ್ಡ್ ಮಾಡಿದರೆ ಮಾತಿಗಿಂತ ಲಾರಿಯೇ ಹೆಚ್ಚು ಕೇಳುತ್ತಿತ್ತು. ಕಡೆಗೆ ನನ್ನ ಟೆಂಪೊದ ಹಿಂದಿನ ಪೆಟ್ಟಿಗೆ ಆಯಿತು. ಐಸು ಕರಗದ ಹಾಗೆ ಸುತ್ತ ಥರ್ಮೋಕೋಲ್ ಹೊಡೆದ ಪೆಟ್ಟಿಗೆ. ಬಾಗಿಲು ಹಾಕಿದರೆ ಹೊರಗಿನದ್ದು ಒಳಗಿಲ್ಲ, ಒಳಗಿನದ್ದು ಹೊರಗಿಲ್ಲ. ತೊಳೆದರೂ ಬೂತಾಯಿ ಮೀನಿನ ವಾಸನೆ ಹೋಗಿರಲಿಲ್ಲ. ಅದರೊಳಗೆ ಒಂದು ಕ್ರೇಟು ಬೋರಲು ಹಾಕಿ ಮೊಬೈಲ್ ಹಿಡಿದು ಕೂತ. ನಾನು ಹೊರಗಿನಿಂದ ಬಾಗಿಲು ಹಾಕುವುದು, ಅವನು ಬಡಿದಾಗ ತೆಗೆಯುವುದು.

ಯಾವ ಮಾತು ಬೇಕು ಅಂತ ಮೊದಲು ಲೆಕ್ಕ ಹಾಕಿದೆವು.

"ನಾನ್ ದಿನಕ್ ಎಂತೆಲ್ಲ ಮಾತಾಡ್ತೆ, ಹೇಳ್ ಕಾಂಬ," ಎಂದ ಒಡೆದ ಸ್ವರದಲ್ಲಿ.

"ಬೈತೆ."

"ಅದಲ್ದೆ?"

"ಅದಲ್ದೆ ಎಂತ ಇಲ್ಲೆ ಶೀನಣ್ಣ."

ನಕ್ಕ. ಬೈಗುಳಕ್ಕೆ ಐದು ನಂಬರ್ ಇಟ್ಟ. ಗಿರಾಕಿಗಳಿಗೆ ಹದಿನೆಂಟು. "ಉಪ್ಪ್ ಹಿಡ್ದಿತ್ತ್." "ನಾಳೆ ಬನಿ. ನಾಳೆ ಅಂದ್ರೆ ನಾಳೆ ಅಲ್ಲ." "ಬೇರೆಯವ್ರ್ ಬಿಚ್ಚದ್ ನಾ ಮುಟ್ತಿಲ್ಲೆ." ಆಸ್ಪತ್ರೆಗೆ, ಬಸ್ಸಿಗೆ, ಹೋಟೆಲಿಗೆ ಎಂಟು. ಉಳಿದ ಹನ್ನೊಂದು ಅಬ್ಬಿಗೆ. ಆ ಹನ್ನೊಂದಕ್ಕೆ ಬಾಗಿಲು ಹಾಕಿಸಿಕೊಂಡವನು ಬಹಳ ಹೊತ್ತು ಬಡಿಯಲಿಲ್ಲ. ಉಸಿರುಗಟ್ಟಿ ಸತ್ತನೋ ಅಂತ ನಾನೇ ತೆಗೆದೆ. ಬೆವರಿನಲ್ಲಿ ನೆನೆದು ಕೂತಿದ್ದ. "ಇನ್ನೊಂದ್ ಸಲ ಹಾಕ್. ಅಬ್ಬಿ ಅಂಬುದ್ ಸಮ ಬರ್ಲಿಲ್ಲೆ," ಎಂದ.

ಒಟ್ಟು ನಲವತ್ತೆರಡು ಮಾತು.

ಆಪರೇಷನ್ ಮುಗಿಸಿ ಬಂದ ಮೇಲೆ ಡಬ್ಬಿ ಕಟ್ಟಿದ. ಪ್ಲಾಸ್ಟಿಕಿನ ಬುತ್ತಿ ಡಬ್ಬಿಯೊಳಗೆ ಬೋರ್ಡು, ಸಣ್ಣ ಸ್ಪೀಕರು, ಮೇಲೆ ನಂಬರಿನ ಕೀಗಳು. ಕರೆಂಟು ಹೋಗಿ ಬಂದು ಮಾಡಿ ಬೋರ್ಡಿನ ಮೆಮೊರಿ ಕಾರ್ಡ್ ಎರಡು ಸಲ ಸತ್ತಿತು. ಆಮೇಲೆ ಕಾರ್ಡಿನ ಸಹವಾಸ ಬಿಟ್ಟು, ಪೆನ್‌ಡ್ರೈವಿನಿಂದ ಏಳುವ ಹಾಗೆ ಮಾಡಿದ. ಚಾರ್ಜರ್ ಚುಚ್ಚಿ ಒಂದು ನಿಮಿಷ ಕಾದರೆ ಡಬ್ಬಿ "ಹ್ವಾಯ್" ಅನ್ನುತ್ತಿತ್ತು. ಎದ್ದೆ ಅಂತ ಅರ್ಥ. ಪೆನ್‌ಡ್ರೈವ್ ಇಲ್ಲದೆ ಏಳುವುದಿಲ್ಲ ಅಂತ ಕಾಗದದಲ್ಲಿ ಬರೆದು ತೋರಿಸಿದ್ದ. ಟೆಂಪೊಗೆ ಕೀ ಇದ್ದ ಹಾಗೆ ಅಂತ ನಾನು ತಿಳಿದೆ. ಮಾತುಗಳೂ ಅದರಲ್ಲಿಯೇ ಇವೆ ಅಂತ ಅವನು ಬರೆಯಲಿಲ್ಲ, ನಾನು ಕೇಳಲಿಲ್ಲ. ರೆಕಾರ್ಡ್ ಮಾಡಿದ ಮೊಬೈಲು ಆ ಮಳೆಗಾಲದಲ್ಲಿ ನೀರು ಕುಡಿದು ಹೋಯಿತು. ಗಿರಾಕಿಗಳಿಗೆ ಮದುವೆ ಫೋಟೊ ಎರಡು ಕಡೆ ಇಡಿ ಅಂತ ಬೈಯುತ್ತಿದ್ದವನು ತನ್ನ ಮಾತನ್ನು ಒಂದೇ ಕಡೆ ಇಟ್ಟಿದ್ದ.

ದಿನಾ ಸಂಜೆ ಐದಕ್ಕೆ ಫೋನು. ಫೋನನ್ನು ಸ್ಪೀಕರಿಗೆ ಹಾಕಿ ಡಬ್ಬಿಯ ಪಕ್ಕ ಇಡುತ್ತಿದ್ದ. ಆ ಬದಿಯಲ್ಲಿ ಗಿರಿಜಕ್ಕ ಅಬ್ಬಿಯ ಹತ್ತಿರ ಕೂತಿರುತ್ತಿದ್ದಳು.

"ಶೀನಾ, ಉಂಡ್ಯಾ?"

ಮೂವತ್ತೆರಡು ಒತ್ತುತ್ತಿದ್ದ. "ಉಂಡೆ ಅಬ್ಬಿ. ನೀ ಉಂಡ್ಯಾ?"

"ಎಂತ ಉಂಬುದ್, ಗಿರಿಜ ಕಾಯಿ ಹಾಕ್ದೆ ಸಾರ್ ಮಾಡಿದ್ಲ್."

ಮೂವತ್ತನಾಲ್ಕು. "ಹೌದಾ? ಮತ್ತೆ?"

"ಮತ್ತೆ ಎಂತ. ಮದಿ ಯಾವತ್ತ್ ಆತೆ? ನಾ ಸತ್ತ್ ಮೇಲಾ?"

ಮೂವತ್ತೇಳು, ಮದುವೆ ಮಾತಿಗೆಂದೇ ಇಟ್ಟದ್ದು. "ಇಲ್ಲ್ ಗಲಾಟಿ ಅಬ್ಬಿ. ಕೇಂತಿಲ್ಲೆ."

"ಮದಿ ಅಂದ್ ಕೂಡ್ಲೆ ಬೊಂಬಾಯಂಗೆ ಗಲಾಟಿ ಸುರು ಆತ್ತ್," ಎನ್ನುತ್ತಿದ್ದರು ಅಬ್ಬಿ.

ಶೀನಣ್ಣನ ಹೊಟ್ಟೆ ಕುಲುಕುತ್ತಿತ್ತು. ನಗುವ ಶಬ್ದ ಇಲ್ಲ. ಕುತ್ತಿಗೆಯ ತೂತಿಗೆ ಕಟ್ಟಿದ ಬಟ್ಟೆ ಮಾತ್ರ ಹಾರುತ್ತಿತ್ತು. ಹೀಗೆ ಒಂದು ವರ್ಷ ನಡೆಯಿತು. ಅಬ್ಬಿ ಉಂಡು ತಿಂದು ಗಟ್ಟಿ ಇದ್ದರು.

ಆಮೇಲೆ ಅವನ ಕಾಯಿಲೆ ಎದೆಗೆ ಇಳಿಯಿತು. ಮೂರು ದಿನ ಆಸ್ಪತ್ರೆಯಲ್ಲಿ ಮದ್ದು ಏರಿಸಬೇಕು ಅಂತ ಕರೆದಿದ್ದರು. ಹೊರಡುವ ದಿನ ಬೆಳಿಗ್ಗೆ ಡಬ್ಬಿ ಏಳಲಿಲ್ಲ. ಹಿಂದಿನ ದಿನ ದೊಡ್ಡ ಸಿಡಿಲು ಹೊಡೆದಿತ್ತು. ಐದು ನಿಮಿಷ ಕಾದ, ಕಿತ್ತು ಚುಚ್ಚಿದ, ಮತ್ತೆ ಕಾದ. ಹ್ವಾಯ್ ಇಲ್ಲ. ಬಸ್ಸು ಬಂತು. ಅವನು ಕಾಗದದಲ್ಲಿ ಬರೆದ. "ನೀನು ನೋಡು. ಕೂಳು, ದಾರಿ, ಆಸಾಮಿ." ಕೆಳಗೆ ಬರೆದ. "ನಾಲ್ಕನೇ ದಿನ ಅಬ್ಬಿ ಹತ್ರ ಮಾತಾಡಬೇಕು." ಮೂರು ದಿನಕ್ಕೆ ಗಿರಿಜಕ್ಕ ಏನಾದರೂ ಹೇಳಿ ಸುಧಾರಿಸುತ್ತಾಳೆ, ಅದರ ಮೇಲೆ ಆಗುವುದಿಲ್ಲ ಅಂತ ಲೆಕ್ಕ.

ನಾನು ಅವನು ಹೇಳಿದ ಹಾಗೆಯೇ ಮಾಡಿದೆ. ಮೊದಲು ಕೂಳು. ಆ ಚಾರ್ಜರಿಗೆ ನನ್ನ ಫೋನ್ ಚುಚ್ಚಿದೆ. ಚಾರ್ಜ್ ಆಯಿತು. ಕೂಳು ಸರಿ. ಆಮೇಲೆ ದಾರಿ. ವಯರೂ ಅದೇ, ಫೋನಿಗೆ ಬಂದರೆ ಬೋರ್ಡಿಗೂ ಬರಬೇಕು. ಬೋರ್ಡಿನಲ್ಲಿ ಕೆಂಪು ಲೈಟೂ ಇತ್ತು. ಸ್ವಲ್ಪ ಮಿಣುಕುತ್ತಿತ್ತು. ಮಿಣುಕಿದರೇನು, ಉರಿಯುತ್ತಿದೆಯಲ್ಲ. ಉಳಿದದ್ದು ಆಸಾಮಿ. ಬೋರ್ಡು ಬಿಚ್ಚಲು ನನಗೆ ಬರುವುದಿಲ್ಲ. ಪೆನ್‌ಡ್ರೈವ್ ಕಿತ್ತೆ.

ಅನುಮಾನ ಇದ್ದದ್ದನ್ನು ಸರಿ ಇದ್ದಲ್ಲಿ ಹಾಕಿ ನೋಡಬೇಕು. ನನ್ನ ಹತ್ತಿರ ಸರಿ ಇದ್ದದ್ದು ಟೆಂಪೊದ ಸ್ಟೀರಿಯೊ. ಹಾಕಿದೆ. ಫೈಲ್ ಇಲ್ಲ ಅಂತ ತೋರಿಸಿತು. ಬೋರ್ಡಿಗೆಂದು ಬರೆದದ್ದನ್ನು ಓದಲು ಸ್ಟೀರಿಯೊಗೆ ಬರುವುದಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ನಮ್ಮ ಡ್ರೈವರುಗಳಿಗೆಲ್ಲ ಪೆನ್‌ಡ್ರೈವ್ ಸರಿ ಇದೆಯಾ ನೋಡುವ ಕ್ರಮ ಒಂದೇ. ಯಕ್ಷಗಾನದ ಪದ್ಯ ತುಂಬಿಸು, ಸ್ಟೀರಿಯೊಗೆ ಹಾಕು. ಪದ್ಯ ಬಂದರೆ ಸರಿ, ಬರದಿದ್ದರೆ ಬಿಸಾಡು. ಹೆಮ್ಮಾಡಿಯ ಜೆರಾಕ್ಸ್ ಅಂಗಡಿಗೆ ಹೋದೆ. ಅಲ್ಲಿಯವನು ಕಂಪ್ಯೂಟರಿಗೆ ಚುಚ್ಚಿದ.

"ಹ್ವಾಯ್, ಇದ್ ಎಂತದೋ ಇಂಗ್ಲಿಷಂಗೆ ಕೇಂತಾ ಇತ್ತ್. ಫಾರ್ಮ್ಯಾಟ್ ಮಾಡ್ಕ್ ಅಂತ್. ಒಳ್ಗೆ ಎಂತಾರೂ ಇತ್ತಾ?"

"ಸ್ಟೀರಿಯೊ ಎಂತ ಇಲ್ಲೆ ಅಂತ್."

"ಹಾಂಗಾರೆ ಮಾಡ್ಲಾ?"

"ಮಾಡ್ಕ್ ಅಂದ್ರೆ ಮಾಡ್ ಮಾರಾಯ. ಎಲ್ಲ ಒರ್ಸಿ ಪದ್ಯ ಹಾಕ್. ಪೂರ್ತಿ ತುಂಬ್ಸ್."

ತುಂಬಿಸಿದ. ಸ್ಟೀರಿಯೊಗೆ ಹಾಕಿದೆ. ಭಾಗವತರ ಸ್ವರ, ಚೆಂಡೆ, ಎಲ್ಲ ಕಂಚಿನ ಹಾಗೆ ಬಂತು. ತಲ್ಲೂರಿನವರೆಗೆ ಕೇಳುತ್ತಾ ಬಂದೆ. ಶೀನಣ್ಣ ಇದ್ದಿದ್ದರೆ ಭಲೇ ಅನ್ನುತ್ತಿದ್ದ ಅಂತ ಎಣಿಸಿದೆ.

ನಾಲ್ಕನೆಯ ದಿನ ಮಧ್ಯಾಹ್ನ ಅವನು ಬಂದ. ಮುಖ ಬೂದಿ ಬಣ್ಣ ಆಗಿತ್ತು. ಹೆಗಲ ಮೇಲಿನ ಬೈರಾಸು ಕೂಡ ಇಳಿಸದೆ ಡಬ್ಬಿಯ ಎದುರು ಕೂತ.

"ಪೆನ್‌ಡ್ರೈವ್ ಸಮ ಇತ್ತ್ ಶೀನಣ್ಣ," ಎಂದೆ. "ಚಾರ್ಜರೂ ಸಮ ಇತ್ತ್. ಬೋರ್ಡೇ ಹೋದ್ದ್ ಕಾಂತ್."

ಅವನು ಚಾರ್ಜರನ್ನು ಮೂಗಿನ ಹತ್ತಿರ ತಂದ. ನೆನಪಾಗಿ ನನ್ನ ಮುಖಕ್ಕೆ ಹಿಡಿದ. ಮೂಸಿದೆ. ಮೀನು. ಅವನು ಇಕ್ಕಳದಲ್ಲಿ ಅದನ್ನು ಒಡೆದ. ಒಳಗೆ ಕಪ್ಪು. ಆಗ ನನ್ನ ಮೂಗಿಗೂ ಸುಟ್ಟ ವಾಸನೆ ಬಡಿಯಿತು. ಮೇಜಿನ ಕೆಳಗಿನಿಂದ ದೊಡ್ಡ ಚಾರ್ಜರ್ ತೆಗೆದು ಚುಚ್ಚಿದ. ಕೆಂಪು ಲೈಟು ಮಿಣುಕದೆ ನಿಂತಿತು. ಕಾಗದ ಎಳೆದು ಬರೆದ. "ಕೂಳು ಕಮ್ಮಿ ಇತ್ತು. ಫೋನಿಗೆ ಅಷ್ಟು ಸಾಕು. ಇದಕ್ಕೆ ಸಾಲದು."

ಬರೆದು ಕಾದ. ಒಂದು ನಿಮಿಷ. ಎರಡು. ಹ್ವಾಯ್ ಬರಲಿಲ್ಲ. ಬೋರ್ಡು ಸರಿ, ಕೂಳು ಸರಿ. ಪೆನ್‌ಡ್ರೈವ್ ಕಿತ್ತು ತನ್ನ ಹಳೇ ಲ್ಯಾಪ್‌ಟಾಪಿಗೆ ಹಾಕಿದ. ಸಾಲಾಗಿ ಪದ್ಯದ ಹೆಸರುಗಳು ಬಂದವು. ಕೆಳಗೆ ಇಳಿಸಿದಷ್ಟೂ ಪದ್ಯ.

"ಅದ್ ನಾನೇ ಹಾಕ್ಸದ್ದ್," ಎಂದೆ. "ಟೆಸ್ಟ್ ಮಾಡುಕೆ."

ಅವನು ತಿರುಗಿ ನನ್ನನ್ನು ನೋಡಿದ. ಬಾಯಿ ತೆರೆಯಿತು. ತುಟಿ ಆಡಿತು. ಗಂಟಲ ಬಟ್ಟೆ ಹಾರಿತು. ಆಮೇಲೆ ಕೈ ಡಬ್ಬಿಯ ಕಡೆ ಹೋಗಿ, ಬೈಗುಳದ ನಂಬರನ್ನು ಒತ್ತಿತು. ಒತ್ತಿತು, ಮತ್ತೆ ಒತ್ತಿತು. ಡಬ್ಬಿ ಸುಮ್ಮನಿತ್ತು. ಆಗ ನನಗೆ ತಿಳಿಯಿತು, ಮಾತು ಎಲ್ಲಿತ್ತು ಅಂತ.

ಆ ಸಂಜೆಯೇ ಕುಂದಾಪುರಕ್ಕೆ ಓಡಿದೆ. ಅಳಿಸಿದ ಫೋಟೊ ವಾಪಸ್ ತೆಗೆದುಕೊಡುವವನೊಬ್ಬ ಇದ್ದ. ಒಂದು ದಿನ ಇಟ್ಟುಕೊಂಡು ವಾಪಸ್ ಕೊಟ್ಟ. "ಒರ್ಸಿದ್ ಮಾತ್ರ ಆದ್ರೆ ತೆಗಿಲಕ್ಕಿತ್ತ್. ಮೇಲಿಂದ ಪದ್ಯ ತುಂಬ್ಸಿರಿ. ಒಂದ್ ಚೂರೂ ಜಾಗ ಬಿಡ್ಲಿಲ್ಲೆ." ಪೂರ್ತಿ ತುಂಬಿಸು ಅಂದದ್ದು ನಾನೇ.

ಅಲ್ಲಿಗೆ ಐದು ದಿನ ಆಗಿತ್ತು. ಅಬ್ಬಿ ಉಣ್ಣುವುದು ಬಿಟ್ಟಿದ್ದಾರೆ ಅಂತ ಗಿರಿಜಕ್ಕನ ಫೋನು. ಬೊಂಬಾಯಿಯಲ್ಲಿ ನೆಟ್‌ವರ್ಕ್ ಇಲ್ಲ ಅಂದರೆ ನಂಬುವುದಿಲ್ಲ, ಪಕ್ಕದ ಮನೆಯವರ ಮಗ ಅಲ್ಲಿಂದಲೇ ಮಾತಾಡಿದ್ದಾನೆ. ನಾನು ಇನ್ನೊಂದು ಬುದ್ಧಿವಂತಿಕೆ ಮಾಡಿದೆ. ಶೀನಣ್ಣನ ಸ್ವರ ಹಗಲಿರುಳು ಕೇಳಿದವನು ನಾನು, ಅವನ ಹಾಗೆ ಮಾತಾಡಲು ಬರುತ್ತದೆ ಅಂತ ಎಣಿಸಿ, ಅವನದೇ ಫೋನಿನಿಂದ ಮಾಡಿದೆ. ಅವನು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದ. ತಡೆಯಲಿಲ್ಲ.

"ಉಂಡೆ ಅಬ್ಬಿ. ನೀ ಉಂಡ್ಯಾ?"

"ಯಾರಾ ನೀನ್?" ಎಂದರು ಅಬ್ಬಿ. "ನನ್ ಮಗನ್ ಫೋನ್ ನಿನ್ ಕೈಗ್ ಹ್ಯಾಂಗ್ ಬಂತ್? ಅವ್ನಿಗೆ ಎಂತ ಮಾಡ್ದೆ?"

ಕಟ್ ಮಾಡಿದೆ. ಶೀನಣ್ಣ ಫೋನನ್ನು ನನ್ನ ಕೈಯಿಂದ ತೆಗೆದು ತನ್ನ ಕಿಸೆಗೆ ಹಾಕಿಕೊಂಡ. ಕಾಗದದಲ್ಲಿ ಒಂದೇ ಶಬ್ದ ಬರೆದ. "ನಾವುಂದ."

ಅದಾಗಿ ಆರು ವಾರಕ್ಕೆ ಅವನು ಆಸ್ಪತ್ರೆಯಲ್ಲಿ ತೀರಿಹೋದ. ಆ ಹೊತ್ತಿನಲ್ಲಿ ನಾನು ಘಟ್ಟದ ಮೇಲೆ ಇದ್ದೆ. ನಡುವೆ ನಾಲ್ಕು ಸಲ ಅಂಗಡಿಗೆ ಹೋಗಿದ್ದೆ, ಶಟರ್ ಅರ್ಧ ಇಳಿದಿರುತ್ತಿತ್ತು, ನಾನು ಬಗ್ಗಿ ಒಳಗೆ ಹೋಗಲಿಲ್ಲ. ಹಾಗಾಗಿ ನಾವುಂದಕ್ಕೆ ಕರೆದುಕೊಂಡು ಹೋದ ದಿನವೇ ನನಗೆ ಕಡೆಯದು.

ಮನೆ ಕಡಲಿನ ಹತ್ತಿರ. ಅಬ್ಬಿ ಜಗಲಿಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಗಿರಿಜಕ್ಕ ಅವರ ಕಿವಿಯ ಹತ್ತಿರ ಬಗ್ಗಿದಳು.

"ಅಬ್ಬಿ, ಶೀನ ಬಂದ."

"ಎಲ್ಲಿ? ಶೀನಾ? ಮಾತಾಡ್ ಮಗಾ."

ಶೀನಣ್ಣ ಎದುರು ಕುಕ್ಕರಗಾಲಲ್ಲಿ ಕೂತು ಅವರ ಕೈ ಹಿಡಿದು ತನ್ನ ಮುಖದ ಮೇಲೆ ಇಟ್ಟ. ಕೈ ಹಣೆಯಿಂದ ಇಳಿಯಿತು. ಮೀಸೆ ಇದ್ದ ಜಾಗದಲ್ಲಿ ನಿಂತಿತು, ಆಪರೇಷನ್ನಿಗೆ ಬೋಳಿಸಿದ ಮೇಲೆ ಅವನು ಮೀಸೆ ಬಿಟ್ಟಿರಲಿಲ್ಲ. ಗುಳಿ ಬಿದ್ದ ಕೆನ್ನೆ, ಎಲುಬು, ಗಂಟಲ ಬಟ್ಟೆ. ಅವನೇ ಬಟ್ಟೆ ಸರಿಸಿ ಅವರ ಬೆರಳನ್ನು ತೂತಿನ ಅಂಚಿಗೆ ಮುಟ್ಟಿಸಿದ. ಅಬ್ಬಿ ಕೈ ಹಿಂದೆ ಎಳೆದುಕೊಂಡರು.

"ಗಿರಿಜಾ, ಯಾರನ್ನ್ ಕರ್ಕಂಡ್ ಬಂದೆ?"

"ಶೀನನೇ ಅಬ್ಬಿ. ಗಂಟ್ಲ್ ಆಪರೇಷನ್ ಆಯಿತ್ತ್. ಮಾತ್ ಬತ್ತಿಲ್ಲೆ."

"ಯಾವತ್ತ್ ಆದ್ದ್?"

"ಒಂದ್ ವರ್ಷ ಆಯ್ತ್."

"ಒಂದ್ ವರ್ಷದಿಂದ ಮಾತಿಲ್ದವ ಮೊನ್ನೆ ತನ್ಕ ನನ್ ಹತ್ರ ಮಾತಾಡದ್ ಹ್ಯಾಂಗೆ? ನಂಗ್ ಕಣ್ಣಿಲ್ಲೆ. ಬುದ್ಧಿ ಇತ್ತ್."

ಗಿರಿಜಕ್ಕ ಅಳಲು ಸುರು ಮಾಡಿದಳು. ನಾನು ಮುಂದೆ ಬಂದೆ. "ಅಮ್ಮಾ, ಫೋನಂಗೆ ಮಾತಾಡಿದ್ದ್ ಒಂದ್ ಡಬ್ಬಿ. ಇವ್ರೇ ಮಾಡದ್ದ್. ನಾನ್ ಅದ್ನ ಹಾಳ್ ಮಾಡ್ದೆ."

ಅಬ್ಬಿಯ ತಲೆ ನನ್ನ ಕಡೆ ತಿರುಗಿತು.

"ಈ ಸ್ವರ ನಂಗೊತ್ತಿತ್ತ್," ಎಂದರು. "ನೀನ್ ಮೊನ್ನೆ ಫೋನಂಗೆ ನನ್ ಮಗ ಅಂದವ."

ಅಬ್ಬಿ ಮತ್ತೆ ಶೀನಣ್ಣನ ಕಡೆ ಮುಖ ಮಾಡಿದರು. ಸ್ವರ ಮೆತ್ತಗಾಯಿತು.

"ನೀವ್ ಯಾರೋ ಏನೋ. ಪಾಪ, ದೊಡ್ ಸೀಕ್ ಇತ್ತ್. ನಮ್ಮನಿಯವ್ರಿಗೂ ಇದೇ ಆಯಿತ್ತ್. ಮೇಲ್ ಕೂಕಣಿ. ಗಿರಿಜಾ, ಇವ್ರಿಗೊಂದ್ ಲೋಟಿ ನೀರ್ ಕೊಡ್. ಮತ್ತೆ ನಂಗೆ ಬೊಂಬಾಯಿಗ್ ಫೋನ್ ಮಾಡಿ ಕೊಡ್."

ಶೀನಣ್ಣ ಎದ್ದ. ಗಿರಿಜಕ್ಕನಿಗೆ ಫೋನ್ ಮಾಡು ಅಂತ ಕೈಯಲ್ಲಿ ತೋರಿಸಿ, ಅಂಗಳ ದಾಟಿ ಬಂದು ಟೆಂಪೊದಲ್ಲಿ ಕೂತು ಗಾಜು ಏರಿಸಿದ. ನಾನು ಸ್ಟೇರಿಂಗಿನ ಹಿಂದೆ ಕೂತೆ. ಅವನ ಕಿಸೆಯಲ್ಲಿ ಫೋನು ರಿಂಗಾಯಿತು. ತೆಗೆದು ಕಿವಿಗೆ ಇಟ್ಟ. ಅಬ್ಬಿಯ ಸ್ವರ ನನಗೂ ಕೇಳುತ್ತಿತ್ತು.

"ಶೀನಾ, ಎತ್ದ್ಯಾ? ಎಲ್ಲಿದ್ದೆ ಮಗಾ ಇಷ್ಟ್ ದಿನ? ಕಾಣ್, ಇಲ್ಲ್ ಒಬ್ರ್ ಬಂದಿರ್. ನೀನೇ ಅಂತ್ಲ್ ಗಿರಿಜ, ಅವ್ಳಿಗ್ ತಲಿ ಸಮ ಇಲ್ಲೆ. ಗಂಟ್ಲಂಗೆ ತೂತ್ ಮಾರಾಯ ಪಾಪ. ನನ್ ಕೈ ಹಿಡ್ದ್ ಬಿಡ್ಲೇ ಇಲ್ಲೆ. ನಿನ್ ಅಪ್ಪಯ್ಯಂದೇ ಸೀಕ್. ಹೊಗೆಸೊಪ್ಪ್ ತಿಂದವ್ರೇ ಇರ್ಕ್. ನೀ ಬಿಟ್ಟಿದ್ಯಾ ಇಲ್ಯಾ? ಸುಳ್ಳ್ ಹೇಳ್ಬೇಡ. ಬಿಟ್ಟೆ ಅನ್. ಹೂಂ ಅಂದ್ರೂ ಸಾಕ್."

ಶೀನಣ್ಣ ಫೋನನ್ನು ಕಿವಿಯಿಂದ ತೆಗೆದ. ಗಂಟಲ ಬಟ್ಟೆ ಸರಿಸಿ, ಅದನ್ನು ತೂತಿನ ಎದುರು ಹಿಡಿದು, ಎದೆಯಲ್ಲಿ ಇದ್ದಷ್ಟು ಉಸಿರನ್ನು ಒಂದು ಸಲ ಉದ್ದಕ್ಕೆ ಬಿಟ್ಟ.

"ಹಾಂ, ಉಸ್ರ್ ಬಿಡ್," ಎಂದರು ಅಬ್ಬಿ. "ನಾ ಹೇಳ್ರೆ ನಿಂಗ್ ಬೇಜಾರೇ ಅಲ್ದಾ. ಇರ್ಲಿ. ಕೆಲ್ಸ ಇತ್ತೇನೋ. ನಾಳೆ ಮಾತಾಡ್, ನಾ ಈಗ ಅನ್ನ ಉಂತೆ."